ಜೀಪಿನೊಳಗಿನ ಇಬ್ಬರು: ಪತ್ತೇದಾರ ಜೋಡಿಯ ಸಿನಿಮಾ ನೋಡಲು ಹೊರಟವರಿಗೆ

ಪತ್ತೇದಾರ ಜೋಡಿಯ ಸಿನಿಮಾವನ್ನು ಮೊದಲ ಸಲ ನೋಡಲು ಕೂರುವವರಿಗೆ ನಾನು ಹೇಳುವ ಮೊದಲ ಮಾತು ಇಷ್ಟೇ: ಓಡುತ್ತಿರುವ ಕಳ್ಳನನ್ನು ಸ್ವಲ್ಪ ಹೊತ್ತು ಮರೆತುಬಿಡಿ, ಅವನ ಬೆನ್ನು ಹತ್ತಿದ ಜೀಪಿನೊಳಗೆ ಕೂತ ಇಬ್ಬರನ್ನು ನೋಡಿ. ಒಬ್ಬ ಸ್ಟಿಯರಿಂಗ್ ಹಿಡಿದಿದ್ದಾನೆ, ಇನ್ನೊಬ್ಬ ಅವನು ಗಾಡಿ ಓಡಿಸುವ ಚಂದಕ್ಕೆ ಬೈಯುತ್ತಿದ್ದಾನೆ. ಹೊರಗೆ ಗುಂಡು ಹಾರುತ್ತಿದ್ದರೆ ಒಳಗೆ ನಿನ್ನೆಯ ಚಹಾದ ದುಡ್ಡು ಯಾರು ಕೊಟ್ಟಿದ್ದು ಎಂಬ ಜಗಳ. ಕಳ್ಳ ಸಿಕ್ಕೇ ಸಿಗುತ್ತಾನೆ. ಅದು ನಿಮಗೂ ಗೊತ್ತು, ಚಿತ್ರಕತೆ ಬರೆದವರಿಗೂ ಗೊತ್ತು. ಗೊತ್ತಿಲ್ಲದ್ದು ಒಂದೇ: ಸಿನಿಮಾ ಮುಗಿಯುವ ಹೊತ್ತಿಗೆ ಈ ಇಬ್ಬರು ಒಬ್ಬರಿಗೊಬ್ಬರು ಏನಾಗಿರುತ್ತಾರೆ ಎನ್ನುವುದು.

ಕಾರವಾರ, ಅಂಕೋಲೆಯ ಹುಡುಗ ಹುಡುಗಿಯರ ಜೊತೆ ಕೂತು ಸಿನಿಮಾ ನೋಡುವ ಮೇಷ್ಟ್ರು ನಾನು. ಅವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಹೆಣದ ಮುಂದೆ ನಿಂತು ತಮಾಷೆ ಮಾಡ್ತಾರಲ್ಲ ಸರ್, ಇವರೆಂಥ ಪೊಲೀಸರು?" ಒಳ್ಳೆಯ ಪ್ರಶ್ನೆ. ಈ ಬಗೆಯ ಸಿನಿಮಾದ ಬೇರು ಇರುವುದೇ ಅಲ್ಲಿ. ಅದಕ್ಕೆ ಆತುರವಿಲ್ಲದೆ ಉತ್ತರ ಕೊಡಬೇಕು.

ಮೊದಲು ಚೌಕಟ್ಟು ತಿಳಿಯೋಣ. ಇಲ್ಲಿ ನಾಯಕ ಒಬ್ಬನಲ್ಲ, ಇಬ್ಬರು. ಸ್ವಭಾವದಲ್ಲಿ ಉತ್ತರ ದಕ್ಷಿಣ. ಒಬ್ಬ ನಿಯಮ ಬಿಡದವನು, ಇನ್ನೊಬ್ಬನಿಗೆ ನಿಯಮದ ಹೆಸರು ಕೇಳಿದರೇ ಅಲರ್ಜಿ. ಒಬ್ಬನಿಗೆ ಸಂಸಾರ, ಇನ್ನೊಬ್ಬನಿಗೆ ಹೇಳಿಕೊಳ್ಳಲು ಯಾರೂ ಇಲ್ಲ. ಇವರು ತಾವಾಗಿ ಜೋಡಿಯಾದವರಲ್ಲ. ಮೇಲಧಿಕಾರಿಯ ಆದೇಶವೋ, ಇಬ್ಬರಿಗೂ ಬೇಕಾದ ಒಬ್ಬನೇ ಅಪರಾಧಿಯೋ, ಮುಗಿಯುತ್ತಿರುವ ಗಡುವೋ ಇವರನ್ನು ಒಂದೇ ಗಾಡಿಗೆ ಹತ್ತಿಸಿರುತ್ತದೆ. ಇಳಿಯುವಂತಿಲ್ಲ, ಹಾಗಾಗಿ ಮಾತು ಶುರುವಾಗುತ್ತದೆ. ತಾನೇ ಆರಿಸಿಕೊಂಡ ಗೆಳೆಯನ ಜೊತೆ ಸುಮ್ಮನೆ ಕೂರಬಹುದು. ಯಾರೋ ತಂದು ಕೂರಿಸಿದವನ ಜೊತೆ ಹಾಗೆ ಕೂರಲಾಗುವುದಿಲ್ಲ, ಅವನನ್ನು ಕೆಣಕಿಯೇ ಅರಿಯಬೇಕು.

ಈಗ ಹೆಣದ ಮುಂದಿನ ತಮಾಷೆಗೆ ಬರೋಣ. ಒಳ್ಳೆಯ ಸಿನಿಮಾದಲ್ಲಿ ಆ ಮಾತು ಹೆದರಿಕೆಯಿಂದ ಹುಟ್ಟುತ್ತದೆ. ಸಾವನ್ನು ದಿನವೂ ಕಾಣುವ ಕೆಲಸದವರು ಅದರ ಬಗ್ಗೆ ನೇರವಾಗಿ ಮಾತಾಡುವುದು ಕಡಿಮೆ. ಬಿರುಗಾಳಿಯಲ್ಲಿ ಸಿಕ್ಕಿ ಬದುಕಿ ಬಂದ ಮೀನುಗಾರರು ದಡದಲ್ಲಿ ಕೂತು ಆ ರಾತ್ರಿಯ ಕತೆ ಹೇಳುವಾಗ ಕೇಳಿ, ನಗಿಸುತ್ತಲೇ ಹೇಳುತ್ತಾರೆ. ಕೇಳುವವರಿಗೂ ಗೊತ್ತಿರುತ್ತದೆ, ನಗು ನಿಂತರೆ ಕತೆ ಮುಂದಕ್ಕೆ ಹೋಗದು ಎಂದು. ಪತ್ತೇದಾರನ ಚಟಾಕಿಯೂ ಅದೇ ಕೆಲಸ ಮಾಡುತ್ತದೆ. ಅವನು ಯಾವ ಹೊತ್ತಿಗೆ ತಮಾಷೆ ನಿಲ್ಲಿಸುತ್ತಾನೆ ಎಂದು ಕಾದು ನೋಡಿ. ಆ ಹೊತ್ತಿಗೆ ವಿಷಯ ಅವನ ಎದೆಗೆ ತಾಗಿದೆ ಎಂದು ತಿಳಿಯಬೇಕು.

ಒಂದು ದೃಶ್ಯ ಕಟ್ಟಿ ತೋರಿಸುತ್ತೇನೆ. ಇದು ಯಾವ ಸಿನಿಮಾದಲ್ಲೂ ಇಲ್ಲ, ಪಾಠಕ್ಕೆಂದು ನಾನೇ ಹೆಣೆದದ್ದು. ಜುಲೈ ತಿಂಗಳ ರಾತ್ರಿ. ಮಾಜಾಳಿಯ ಹತ್ತಿರ ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲಿ ಜೀಪು ನಿಂತಿದೆ, ಮಳೆ ಬಡಿಯುತ್ತಿದೆ. ಗೋವಾ ಕಡೆಯಿಂದ ಕದ್ದ ದಾರಿಯಲ್ಲಿ ಹೆಂಡ ಬರುತ್ತದೆಂದು ಸುದ್ದಿ. ಬಯಲುಸೀಮೆಯಿಂದ ಬಂದ ಎಳೆಯ ಸಬ್ ಇನ್‌ಸ್ಪೆಕ್ಟರ್, ಪಕ್ಕದಲ್ಲಿ ಅಂಕೋಲೆ ಕಡೆಯ, ನಿವೃತ್ತಿಗೆ ಹತ್ತಿರವಾದ ಹೆಡ್ ಕಾನ್‌ಸ್ಟೆಬಲ್. ಮೀನಿನ ಟೆಂಪೊ ಒಂದನ್ನು ತಡೆದಿದ್ದಾರೆ. ಕಾಗದಪತ್ರ ಎಲ್ಲ ಸರಿಯಿದೆ. ಒಳಗೆ ಬಂಗಡೆ ಎಂದು ಬರೆದಿದೆ.

"ನಾಯ್ಕರೆ, ಈ ವಾಸನೆಗೆ ತಲೆ ತಿರುಗ್ತಿದೆ. ಬೇಗ ಬಿಟ್ಟು ಕಳಿಸಿ."

"ಎಂತ ವಾಸನೆ ಸಾಹೇಬ್ರೆ? ಗಾಡಿ ಹಿಂದೆ ಹೋಗಿ ಮೂಸಿ ಬಂದೆ. ಎಂತದೂ ವಾಸನೆ ಇಲ್ಲ. ಅದೇ ತೊಂದ್ರೆ."

"ಮತ್ತೆ ಜೀಪಿನಲ್ಲಿ ಬರ್ತಿರೋದು?"

"ಅದು ನನ್ನ ಬುತ್ತಿ. ಸುಟ್ಟ ಒಣ ಬಂಗಡೆ. ಟ್ರಾಲರ್ ಎಲ್ಲ ದಡದ ಮೇಲೆ ಕೂತಿರೋ ತಿಂಗಳು ಇದು. ಕಾರವಾರದ ಮೀನುಪೇಟೆ ತಿರುಗಿದ್ರೂ ನಂಗೆ ನಾಲ್ಕು ಹಸಿ ಬಂಗಡೆ ಸಿಗ್ಲಿಲ್ಲ. ಇವ್ನಿಗೆ ಗಾಡಿ ತುಂಬ ಯಾರು ಕೊಟ್ರು?"

"ಗಾಡಿ ತೆಗೆಸಿ ನಾಯ್ಕರೆ. ಬುತ್ತಿ ಮುಚ್ಚಿ."

ಐದು ಮಾತಿನಲ್ಲಿ ಎಷ್ಟು ಕೆಲಸ ಆಯಿತು ನೋಡಿ. ಪತ್ತೇದಾರಿಕೆ ನಡೆಯಿತು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ಲೆಕ್ಕ ಹಿರಿಯನ ಊಟದ ತಟ್ಟೆಯಲ್ಲಿದೆ, ಕಿರಿಯನ ಪುಸ್ತಕದ ಓದಿನಲ್ಲಿ ಇಲ್ಲ. ಇಬ್ಬರೂ ಬೇರೆ ಊರಿನವರೆಂಬುದು ಬಾಯಿಬಿಟ್ಟು ಹೇಳದೆ ತಿಳಿಯಿತು. ಹುದ್ದೆಯಲ್ಲಿ ದೊಡ್ಡವನು ವಯಸ್ಸಿನಲ್ಲಿ ಚಿಕ್ಕವನು ಎಂಬ ಇಕ್ಕಟ್ಟು ಗೊತ್ತಾಯಿತು. ಕೊನೆಯ ಮಾತಿನಲ್ಲಿ ಕಿರಿಯ ಸೋಲೊಪ್ಪಿದ, ಒಪ್ಪುತ್ತಲೇ ಒಂದು ಏಟು ತಿರುಗಿಸಿಯೂ ಕೊಟ್ಟ. ನಾಯ್ಕರಿಗೆ ಅದು ಇಷ್ಟವಾಗಿರಬೇಕು. ಇನ್ನು ಮೇಲೆ ಇವರ ನಡುವೆ ಏನೋ ಒಂದು ಶುರು.

ಕನ್ನಡದಲ್ಲಿ ಇಂಥ ದೃಶ್ಯ ಬರೆಯುವವರ ಕೈಯಲ್ಲಿ ಇನ್ನೊಂದು ಉಪಾಯವಿದೆ. ನೋಡುವವರೂ ಅದನ್ನು ಗಮನಿಸಬೇಕು. ಇಡೀ ಸಿನಿಮಾ ನಾಯ್ಕರು "ಸಾಹೇಬ್ರೆ" ಎನ್ನುತ್ತಲೇ ಇರುತ್ತಾರೆ, ಬೈಯುವಾಗಲೂ ಬಹುವಚನ ಬಿಡುವುದಿಲ್ಲ. ಟೆಂಪೊದ ಹಿಂಬಾಗಿಲು ತೆರೆದು ಒಳಗಿನಿಂದ ಗುಂಡು ಹಾರಿದ ಕ್ಷಣ ಅವರ ಬಾಯಿಂದ ಬರುವುದು "ತಮಾ, ಬಗ್ಗು!" ಎಂದು. ಮುಂದಿನ ದೃಶ್ಯದಲ್ಲಿ ಮತ್ತೆ "ಸಾಹೇಬ್ರೆ". ಆ ಒಂದು ಏಕವಚನದ ಬಗ್ಗೆ ಇಬ್ಬರೂ ಮುಂದೆ ಎಂದೂ ಮಾತಾಡದಿದ್ದರೆ ಬರೆದವನು ಕಸುಬುದಾರ. ಗಂಡಸರು ಪ್ರೀತಿಯನ್ನು ಬಾಯಿಬಿಟ್ಟು ಹೇಳಲಾರದ ಸಮಾಜಗಳಲ್ಲೆಲ್ಲ ಈ ಸಿನಿಮಾಗಳು ಗೆದ್ದಿವೆ. ನನಗೆ ಇದು ಕಾಕತಾಳೀಯ ಅನಿಸುವುದಿಲ್ಲ. ನಿನ್ನ ಮೇಲೆ ನನಗೆ ಅಕ್ಕರೆ ಎಂದು ಹೇಳಲಾಗದವನು ನಿನ್ನ ಶರ್ಟು ಚೆನ್ನಾಗಿಲ್ಲ ಎನ್ನುತ್ತಾನೆ. ಎದುರಿನವನಿಗೆ ಅರ್ಥವಾಗುತ್ತದೆ, ನಮಗೂ ಅರ್ಥವಾಗುತ್ತದೆ.

ಇದು ಹೊರಗಿನಿಂದ ಬಂದ ರುಚಿ ಎಂದುಕೊಳ್ಳುವ ನಮ್ಮ ಜಿಲ್ಲೆಯ ಮಕ್ಕಳಿಗೆ ನಾನು ತಾಳಮದ್ದಳೆಯನ್ನು ನೆನಪಿಸುತ್ತೇನೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದ ಮೇಲೆ ಇಬ್ಬರು ಅರ್ಥಧಾರಿಗಳು ಎದುರುಬದುರು ಕೂತು ಮಾತಿಗೆ ಮಾತು ಜೋಡಿಸುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ, ಎದುರಾಳಿಯ ಬಾಯಿಂದ ಏನು ಬರುತ್ತದೋ ಅದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ಕತೆಯ ಕೊನೆ ಎಲ್ಲರಿಗೂ ಗೊತ್ತು. ಆದರೂ ಜನ ಬೆಳಗಿನ ತನಕ ಕೂರುತ್ತಾರೆ. ಈ ಪ್ರಶ್ನೆಗೆ ಅವನು ಏನು ಹೇಳಿಯಾನು ಎಂಬ ಕುತೂಹಲವೇ ಅವರನ್ನು ಹಿಡಿದು ಕೂರಿಸುತ್ತದೆ. ಪತ್ತೇದಾರ ಜೋಡಿಯ ಸಿನಿಮಾ ನೋಡಲು ಬೇಕಾದ ಕಿವಿಯೂ ಇದೇ.

ಪ್ರಸಂಗಗಳಲ್ಲಿ 'ಕೃಷ್ಣಾರ್ಜುನ ಕಾಳಗ'ವನ್ನೇ ತೆಗೆದುಕೊಳ್ಳಿ. ಗಯನೆಂಬ ಗಂಧರ್ವ ಆಕಾಶದಲ್ಲಿ ಹೋಗುತ್ತ ಉಗುಳಿದ್ದು ಅರ್ಘ್ಯ ಕೊಡುತ್ತಿದ್ದ ಕೃಷ್ಣನ ಕೈಗೆ ಬಿತ್ತು. ಅವನನ್ನು ಕೊಲ್ಲುತ್ತೇನೆಂದು ಕೃಷ್ಣನ ಪ್ರತಿಜ್ಞೆ. ವಿಷಯ ತಿಳಿಯದೆ ಗಯನಿಗೆ ಅಭಯ ಕೊಟ್ಟವನು ಅರ್ಜುನ. ಲೋಕದ ಅತಿ ದೊಡ್ಡ ಗೆಳೆಯರಿಬ್ಬರು ಮೂರನೆಯವನಿಗಾಗಿ ಬಿಲ್ಲು ಬಾಣ ಹಿಡಿದು ನಿಲ್ಲುತ್ತಾರೆ, ನಡುವೆ ಒಬ್ಬನಿಗೆ ತಂಗಿ, ಇನ್ನೊಬ್ಬನಿಗೆ ಹೆಂಡತಿಯಾದ ಸುಭದ್ರೆ. ಯುದ್ಧಕ್ಕೆ ಮುಂಚೆ ಅವರಿಬ್ಬರ ಮಾತಿನಲ್ಲಿ ಹಳೆಯದೆಲ್ಲ ಹೊರಬರುತ್ತದೆ: ನಾನಿಲ್ಲದಿದ್ದರೆ ನೀನು ಏನಾಗಿರುತ್ತಿದ್ದೆ, ನೀನು ನನಗೆ ಮಾಡಿದ್ದೇನು. ಚುಚ್ಚು, ಹಾಸ್ಯ, ಸಿಟ್ಟು, ನೋವು ಎಲ್ಲ ಒಂದೇ ಮಾತಿನಲ್ಲಿ ಕೂಡಿರುತ್ತವೆ. ಜೋಡಿ ಸಿನಿಮಾಗಳಲ್ಲೂ ಮುಕ್ಕಾಲು ಭಾಗ ಮುಗಿದ ಮೇಲೆ ಗೆಳೆಯರಿಬ್ಬರು ಕಿತ್ತಾಡಿ ದೂರವಾಗುವ ಘಟ್ಟವೊಂದು ಬರುತ್ತದೆ. ಅದನ್ನು ನೋಡುವಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ.

ಅಂಕೋಲೆಗೆ ಇನ್ನೊಂದು ಆಸ್ತಿಯೂ ಇದೆ, ದಿನಕರ ದೇಸಾಯಿ (1909–1982). ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಈ ಸೀಮೆಗೆ ಶಾಲೆಗಳನ್ನು ಕೊಟ್ಟವರು, ಲೋಕಸಭೆಗೂ ಹೋದವರು. ಸಾಮಾನ್ಯ ಜನರ ನಾಲಗೆಯ ಮೇಲೆ ಉಳಿದಿರುವುದು ಮಾತ್ರ ಅವರ ಚೌಪದಿ. ನಾಲ್ಕು ಸಾಲು, ಮೂರರಲ್ಲಿ ಹೂಡಿಕೆ, ನಾಲ್ಕರಲ್ಲಿ ಏಟು. ಪತ್ತೇದಾರನ ಚಟಾಕಿಯ ಕಟ್ಟೋಣವೂ ಹೀಗೆಯೇ. ಎದುರಿನವನಿಗೆ ಪೂರ್ತಿ ಮಾತಾಡಲು ಬಿಡಬೇಕು, ಅವನ ಮಾತು ತಾನು ಗೆದ್ದೆ ಎನ್ನುವಲ್ಲಿಗೆ ಮುಟ್ಟಬೇಕು, ಆಮೇಲೆ ಚಿಕ್ಕದೊಂದು ಸಾಲು. ಹೂಡಿಕೆ ಇಲ್ಲದೆ ಏಟು ಮಾತ್ರ ಹೊಡೆಯುವ ಸಂಭಾಷಣೆಗಳು ಈಚಿನ ಸಿನಿಮಾಗಳಲ್ಲಿ ಬಹಳ. ಅವಕ್ಕೆ ಶಿಳ್ಳೆ ಬೀಳುತ್ತದೆ, ನೆನಪಿನಲ್ಲಿ ಅವು ಉಳಿಯುವುದಿಲ್ಲ.

ಜಗತ್ತಿನ ಸಿನಿಮಾದಲ್ಲಿ ಈ ಮಾದರಿ ಎಲ್ಲಿಂದ ಬಂತು ಎಂದು ಕೇಳಿದರೆ ನಾನು 1949ರ ಜಪಾನಿಗೆ ಕರೆದೊಯ್ಯುತ್ತೇನೆ. ಅಕಿರಾ ಕುರೊಸಾವಾ ಅವರ 'ಸ್ಟ್ರೇ ಡಾಗ್'. ಯುದ್ಧ ಸೋತ ಟೋಕಿಯೋ, ಬೆಂದುಹೋಗುವ ಬೇಸಿಗೆ. ಎಳೆಯ ಪತ್ತೇದಾರನೊಬ್ಬ ಜನ ತುಂಬಿದ ಬಸ್ಸಿನಲ್ಲಿ ತನ್ನ ಪಿಸ್ತೂಲು ಕಳೆದುಕೊಳ್ಳುತ್ತಾನೆ. ಆ ಪಿಸ್ತೂಲಿನಿಂದ ಊರಲ್ಲಿ ಗುಂಡು ಹಾರತೊಡಗುತ್ತದೆ. ಅವನ ಪಾಪಪ್ರಜ್ಞೆಗೆ ಜೊತೆಯಾಗಿ ಬರುವವನು ಮಾಗಿದ ಹಿರಿಯ ಪತ್ತೇದಾರ. ಅದರಲ್ಲಿ ಚಟಾಕಿಗಳಿಲ್ಲ, ಆದರೆ ಒಂದು ದೃಶ್ಯವಿದೆ: ಹಿರಿಯನು ಕಿರಿಯನನ್ನು ಮನೆಗೆ ಕರೆದೊಯ್ದು ಬಿಯರ್ ಕೊಡುತ್ತಾನೆ, ಮಲಗಿರುವ ಮಕ್ಕಳನ್ನು ತೋರಿಸುತ್ತಾನೆ. ಮುಂದೆ ಬಂದ ನೂರಾರು ಸಿನಿಮಾಗಳಲ್ಲಿ ಈ ದೃಶ್ಯ ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಜೋಡಿ ಸಿನಿಮಾ ನೋಡುವಾಗ ಊಟದ ದೃಶ್ಯವನ್ನು ತಪ್ಪಿಸಿಕೊಳ್ಳಬೇಡಿ. ಇಬ್ಬರು ಯಾವ ಕ್ಷಣದಲ್ಲಿ ಜೋಡಿಯಾದರು ಎಂದು ಹುಡುಕುವವರಿಗೆ ಉತ್ತರ ಸಿಗುವುದು ಬಹುಪಾಲು ಅಲ್ಲೇ. ನಾಯ್ಕರ ಬುತ್ತಿಯನ್ನು ನಾನು ಜೀಪಿನಲ್ಲಿ ಇಟ್ಟಿದ್ದೂ ಇದೇ ಕಾರಣಕ್ಕೆ. ಸಿನಿಮಾ ಮುಗಿಯುವ ಮೊದಲು ಸಾಹೇಬರು ಅದರಿಂದ ಒಂದು ತುತ್ತು ತಿನ್ನಲೇಬೇಕು.

ಮಾತಿನ ಚುರುಕು ಸೇರಿದ್ದು ಅಮೆರಿಕದಲ್ಲಿ. 1982ರಲ್ಲಿ ಬಂದ ವಾಲ್ಟರ್ ಹಿಲ್ ಅವರ '48 ಅವರ್ಸ್' ಚಿತ್ರದಲ್ಲಿ ಒರಟು ಪತ್ತೇದಾರನೊಬ್ಬ ಜೈಲಿನಲ್ಲಿದ್ದ ಕಳ್ಳನನ್ನು ಎರಡು ದಿನದ ಮಟ್ಟಿಗೆ ಹೊರಗೆ ತರುತ್ತಾನೆ. ಕಳ್ಳನ ಪಾತ್ರದಲ್ಲಿ ಎಡ್ಡಿ ಮರ್ಫಿ, ಅವರ ಮೊದಲ ಸಿನಿಮಾ. ಕಪ್ಪು ಕೈದಿಯೊಬ್ಬ ಬಿಳಿಯರೇ ತುಂಬಿದ ಬಾರಿಗೆ ಪೊಲೀಸನ ಬಿಲ್ಲೆ ಹಿಡಿದು ಹೋಗಿ, ಬರೀ ಮಾತಿನ ಬಲದಿಂದ ಇಡೀ ಬಾರನ್ನು ಹಿಡಿತಕ್ಕೆ ತರುವ ದೃಶ್ಯ ಅದರಲ್ಲಿದೆ. ನಗು ಬರುತ್ತದೆ, ಅದರ ಅಡಿಯಲ್ಲಿ ಒಂದು ದೇಶದ ಇತಿಹಾಸವೇ ಇದೆ. ಐದು ವರ್ಷದ ಬಳಿಕ 1987ರಲ್ಲಿ 'ಲೀಥಲ್ ವೆಪನ್' ಬಂತು. ಬರೆದ ಶೇನ್ ಬ್ಲ್ಯಾಕ್ ಆಗಿನ್ನೂ ಇಪ್ಪತ್ತರ ಹರೆಯದವರು. ಹೆಂಡತಿಯನ್ನು ಕಳೆದುಕೊಂಡು ಸಾಯಲು ಹಾತೊರೆಯುವ ರಿಗ್ಸ್, ಐವತ್ತು ತುಂಬಿದ, ಮಕ್ಕಳೊಂದಿಗನಾದ ಮರ್ಟಾ. ಒಬ್ಬನಿಗೆ ಬದುಕು ಬೇಡ, ಇನ್ನೊಬ್ಬನಿಗೆ ಬದುಕು ಬಿಟ್ಟರೆ ಬೇರೇನೂ ಬೇಡ. ಇವರಿಬ್ಬರನ್ನು ಒಂದು ಗಾಡಿಯಲ್ಲಿ ಕೂರಿಸಿದ್ದೇ ಆ ಸಿನಿಮಾದ ಪ್ರತಿಭೆ. ಉಳಿದ ಕಾರು ಸ್ಫೋಟಗಳನ್ನು ನಾನು ಮರೆತಿದ್ದೇನೆ, ಮರ್ಟಾನ ಮನೆಯ ಊಟದ ಮೇಜನ್ನು ಮರೆತಿಲ್ಲ.

1998ರ 'ರಶ್ ಅವರ್' ನಮ್ಮ ಕಾರವಾರದ ಹುಡುಗರಿಗೆ ಬೇಗ ಹತ್ತುವ ಸಿನಿಮಾ. ಹಾಂಗ್‌ಕಾಂಗ್‌ನಿಂದ ಬಂದ ಪತ್ತೇದಾರನಿಗೆ ಇಂಗ್ಲಿಷ್ ಬರುವುದಿಲ್ಲವೆಂದು ಲಾಸ್ ಏಂಜಲೀಸಿನ ಪೊಲೀಸ ಬಾಯಿಗೆ ಬಂದಂತೆ ಮಾತಾಡುತ್ತಾನೆ, ಬರುತ್ತದೆಂದು ಆಮೇಲೆ ಗೊತ್ತಾಗುತ್ತದೆ. ಕನ್ನಡ, ಕೊಂಕಣಿ, ಮರಾಠಿ ಒಂದೇ ಬಸ್ಸಿನಲ್ಲಿ ಓಡಾಡುವ ಊರು ನಮ್ಮದು. ಪಕ್ಕದವನಿಗೆ ನಮ್ಮ ಭಾಷೆ ಬರದು ಎಂದುಕೊಂಡು ಆಡಿದ ಮಾತಿಗೆ ಅವನೇ ಉತ್ತರ ಕೊಟ್ಟಾಗ ಆಗುವ ಮುಜುಗರ ಇಲ್ಲಿಯವರಿಗೆ ವಿವರಿಸಬೇಕಿಲ್ಲ.

ಈಗ ಕನ್ನಡಕ್ಕೆ ಬರೋಣ, ನನಗೆ ಹೆಚ್ಚು ಹೇಳಬೇಕಾದದ್ದು ಇಲ್ಲೇ ಇದೆ.

ಪತ್ತೇದಾರನನ್ನು ಕನ್ನಡದ ಮನೆಮನೆಗೆ ತಂದವರು ಎನ್. ನರಸಿಂಹಯ್ಯ. ಪ್ರಾಥಮಿಕ ಶಾಲೆಯನ್ನೂ ಪೂರ್ತಿ ಓದದ ಅವರು 1952ರಲ್ಲಿ 'ಪತ್ತೇದಾರ ಪುರುಷೋತ್ತಮ' ಬರೆದರು, ಮುಂದೆ ಐನೂರಕ್ಕೂ ಹೆಚ್ಚು ಕಾದಂಬರಿ. ಆ ಪುಸ್ತಕಗಳಿಗಾಗಿಯೇ ಅಕ್ಷರ ಕೂಡಿಸಿ ಓದಲು ಕಲಿತವರು ಇದ್ದಾರೆ. ಸಿನಿಮಾದಲ್ಲಿ ಪತ್ತೇದಾರ ಕಾಲಿಟ್ಟದ್ದು 1968ರಲ್ಲಿ, 'ಜೇಡರ ಬಲೆ'ಯ ಸಿಐಡಿ 999 ಆಗಿ ರಾಜಕುಮಾರ್ ಬಂದಾಗ. ಮಾಡಿದವರು ದೊರೆ–ಭಗವಾನ್, ಕ್ಯಾಮೆರಾದ ಹಿಂದೆಯೂ ಒಂದು ಜೋಡಿ. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999' ಬಂತು. ಆಗ ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾಗಿ ಏಳೇ ವರ್ಷ. ಬೆಂಗಳೂರು, ಮೈಸೂರಿನ ಪ್ರೇಕ್ಷಕರಿಗೆ ಅದು ಬೇರೆಯೇ ಲೋಕ. ಕಾರವಾರದವರಿಗೆ ಅದು ಮಾಜಾಳಿ ದಾಟಿದರೆ ಸಿಗುವ ನೆರೆಮನೆ, ನೆಂಟರಿರುವ ಊರು. 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', 1978ರಲ್ಲಿ 'ಆಪರೇಷನ್ ಡೈಮಂಡ್ ರ‍್ಯಾಕೆಟ್' ಬಂದು ಸರಣಿ ನಾಲ್ಕಾಯಿತು.

ಈ ಕಾಲದ ಸಿನಿಮಾಗಳಲ್ಲಿ ನಾಯಕನ ಪಕ್ಕ ನಗಿಸುವವನೊಬ್ಬ ಇದ್ದೇ ಇರುತ್ತಿದ್ದ. ಬಹುತೇಕ ಅವನು ನರಸಿಂಹರಾಜು. ರಾಜಕುಮಾರ್ ಮತ್ತು ನರಸಿಂಹರಾಜು ಇಬ್ಬರ ಹಾದಿಯೂ 1954ರ 'ಬೇಡರ ಕಣ್ಣಪ್ಪ'ದಿಂದಲೇ ತೆರೆದದ್ದು. ಆದರೆ ಆ ಜೋಡಿಯಲ್ಲಿ ಕೆಲಸ ಹಂಚಿಕೆಯಾಗಿತ್ತು: ಧೈರ್ಯ ಒಬ್ಬನಿಗೆ, ನಗು ಇನ್ನೊಬ್ಬನಿಗೆ. ನಗಿಸುವವನು ಹೆದರಬೇಕು, ಎಡವಬೇಕು, ಕೊನೆಗೆ ನಾಯಕ ಬಂದು ಉಳಿಸಬೇಕು. ನರಸಿಂಹರಾಜು ಎಷ್ಟು ದೊಡ್ಡ ನಟನೆಂದರೆ ಈ ಚಿಕ್ಕ ಜಾಗದಲ್ಲೂ ತೆರೆಯನ್ನು ಕದ್ದುಬಿಡುತ್ತಿದ್ದರು. ಆದರೂ ಇದನ್ನು ನಾನು ಜೋಡಿ ಸಿನಿಮಾ ಎನ್ನುವುದಿಲ್ಲ. ಜೋಡಿ ಆಗಬೇಕಾದರೆ ಇಬ್ಬರೂ ಸಮ ಇರಬೇಕು, ಪ್ರಾಣ ಉಳಿಸುವ ಸರದಿ ಇಬ್ಬರಿಗೂ ಬರಬೇಕು, ಮಾತಿನಲ್ಲಿ ಸೋಲುವ ಸರದಿಯೂ ಬರಬೇಕು.

ಆ ಸಮಾನತೆ ಬಂದದ್ದು ನಮ್ಮ ಜಿಲ್ಲೆಯ ಇಬ್ಬರು ಅಣ್ಣತಮ್ಮಂದಿರ ಮೂಲಕ ಎನ್ನುವುದು ನನಗೆ ಹೆಮ್ಮೆಯ ವಿಷಯ. ಹೊನ್ನಾವರ ಸೀಮೆಯ ಅನಂತ್ ನಾಗ್ ಮತ್ತು ಶಂಕರ್ ನಾಗ್. ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ್ ಕಾರ್ನಾಡ್ 1978ರಲ್ಲಿ 'ಒಂದಾನೊಂದು ಕಾಲದಲ್ಲಿ' ತೆಗೆದರು. ಕುರೊಸಾವಾ ಅವರ ಪ್ರಭಾವ ಅದರಲ್ಲಿ ಎದ್ದು ಕಾಣುತ್ತದೆ. ಕೂಲಿ ಯೋಧನಾಗಿ ಶಂಕರ್ ನಾಗ್, ಎದುರು ಪಾಳೆಯದ ಅನುಭವಿ ಯೋಧನಾಗಿ ಸುಂದರಕೃಷ್ಣ ಅರಸ್. ಕತ್ತಿ ಹಿಡಿದು ಎದುರಾದವರು ಒಬ್ಬರ ಕಸುಬನ್ನು ಇನ್ನೊಬ್ಬರು ಮೆಚ್ಚಿ ಹತ್ತಿರವಾಗುತ್ತಾರೆ. ಪತ್ತೇದಾರರಿಲ್ಲದ ಈ ಸಿನಿಮಾವನ್ನು ನಾನು ಪಾಠದಲ್ಲಿ ಸೇರಿಸುವುದು ಆ ಮೆಚ್ಚುಗೆಗಾಗಿ. ಎದುರಾಳಿಯ ಕೈಚಳಕ ನೋಡಿ ಕಣ್ಣರಳಿಸುವ ಆ ನೋಟ ಬಂದ ಮೇಲೆಯೇ ಜೋಡಿ ಹುಟ್ಟಲು ಸಾಧ್ಯ.

1980ರಲ್ಲಿ ಶಂಕರ್ ನಾಗ್ ತಾವೇ ನಿರ್ದೇಶಿಸಿದ ಮೊದಲ ಸಿನಿಮಾ 'ಮಿಂಚಿನ ಓಟ'. ಅಣ್ಣತಮ್ಮ ಇಬ್ಬರೂ ಅದರಲ್ಲಿ ಕಾರುಗಳ್ಳರು, ಜೊತೆಗೆ ಲೋಕನಾಥ್. ಕದಿಯುವುದು, ಸಿಕ್ಕಿಬೀಳುವುದು, ಜೈಲಿನಿಂದ ಪಾರಾಗುವುದು. ಪೊಲೀಸರ ಬದಲು ಪೊಲೀಸರಿಂದ ಓಡುವವರ ಜೋಡಿ ಇದು. ಆದರೆ ಮಾತಿನ ಲಯ ಕೇಳಿ, ಇಬ್ಬರು ನಿಜವಾಗಿ ಜೊತೆಯಲ್ಲಿ ಬೆಳೆದವರ ಲಯ. ಒಬ್ಬ ವಾಕ್ಯ ಶುರು ಮಾಡುವಾಗಲೇ ಇನ್ನೊಬ್ಬನಿಗೆ ಅದು ಎಲ್ಲಿ ಮುಗಿಯುತ್ತದೆಂದು ಗೊತ್ತಿರುತ್ತದೆ. ಶಂಕರ್ ನಾಗ್ 1988ರಲ್ಲಿ 'ಸಾಂಗ್ಲಿಯಾನ' ಆಗಿ, ನಿಜವಾದ ಪೊಲೀಸ್ ಅಧಿಕಾರಿಯೊಬ್ಬರ ಹೆಸರನ್ನೇ ಹೊತ್ತು, ಖಾಕಿ ತೊಟ್ಟರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 35 ವರ್ಷ. ಅವರು ಇದ್ದಿದ್ದರೆ ಅಣ್ಣನನ್ನೂ ತಮ್ಮನನ್ನೂ ನಡುವಯಸ್ಸಿನ ಇಬ್ಬರು ಪತ್ತೇದಾರರಾಗಿ ನಾವು ನೋಡುತ್ತಿದ್ದೆವು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಈ ನಡುವೆ ನೆರೆಯ ಮಲಯಾಳದಲ್ಲಿ ಹಾಸ್ಯದ ಜೋಡಿ ಬಹಳ ಮುಂದೆ ಹೋಯಿತು. 1987ರ 'ನಾಡೋಡಿಕ್ಕಾಟ್ಟು' ಚಿತ್ರದ ದಾಸನ್ ಮತ್ತು ವಿಜಯನ್, ಅಂದರೆ ಮೋಹನ್‌ಲಾಲ್ ಮತ್ತು ಆ ಚಿತ್ರವನ್ನು ಬರೆದ ಶ್ರೀನಿವಾಸನ್. ಕೆಲಸವಿಲ್ಲದ ಇಬ್ಬರು ದುಬೈಗೆಂದು ದೋಣಿ ಹತ್ತಿ ಮದರಾಸಿನಲ್ಲಿ ಇಳಿಯುತ್ತಾರೆ. ಬಿ.ಕಾಂ. ಓದಿದ ದಾಸನ್‌ಗೆ ವಿಜಯನ್ ಮೇಲೆ ಸದಾ ಒಂದು ತೂಕ ಹೆಚ್ಚೆಂಬ ಭಾವ, ವಿಜಯನ್‌ಗೆ ಅದು ಸದಾ ಉರಿ. ಮರುವರ್ಷದ 'ಪಟ್ಟಣಪ್ರವೇಶಂ'ನಲ್ಲಿ ಅವರೇ ಸಿಐಡಿಗಳು. ಬಡತನ ಒಂದೇ ಆದರೂ ಅದರೊಳಗೆ ಮೇಲು ಕೀಳು ಹುಡುಕುವ ಗಂಡಸರ ಚಟವನ್ನು ಇಷ್ಟು ಪ್ರೀತಿಯಿಂದ ತೋರಿಸಿದ ಸಿನಿಮಾ ಕಡಿಮೆ.

ಕನ್ನಡದಲ್ಲಿ 2019 ನೆನಪಿಡುವ ವರ್ಷ. ಫೆಬ್ರವರಿಯಲ್ಲಿ ಜಯತೀರ್ಥ ಅವರ 'ಬೆಲ್ ಬಾಟಂ', ಎಂಬತ್ತರ ದಶಕದ ಕತೆ. ಪೊಲೀಸ್ ಠಾಣೆಗಳಲ್ಲೇ ನಡೆಯುವ ಕಳ್ಳತನದ ಬೆನ್ನು ಹತ್ತುವ ಡಿಟೆಕ್ಟಿವ್ ದಿವಾಕರನಾಗಿ ರಿಷಬ್ ಶೆಟ್ಟಿ. ಏಪ್ರಿಲ್‌ನಲ್ಲಿ ಹೇಮಂತ್ ರಾವ್ ಅವರ 'ಕವಲುದಾರಿ'. ಸಂಚಾರಿ ಪೊಲೀಸ್ ವಿಭಾಗದಲ್ಲಿದ್ದರೂ ಅಪರಾಧ ವಿಭಾಗದ ಕನಸು ಕಾಣುವ ಯುವಕ, ಹಳೆಯ ಕೊಲೆಯೊಂದನ್ನು ಬಿಡಿಸಲಾಗದೆ ಕುಡಿತಕ್ಕೆ ಬಿದ್ದ ನಿವೃತ್ತ ಅಧಿಕಾರಿ ಮುತ್ತಣ್ಣ. ಆ ಮುತ್ತಣ್ಣನೇ ಅನಂತ್ ನಾಗ್. ಇಲ್ಲಿ ನಗು ಬಹಳ ಕಡಿಮೆ, ಕುರೊಸಾವಾ ದಾರಿಯ ಜೋಡಿ ಇದು.

ಡಿಸೆಂಬರ್‌ನಲ್ಲಿ ಬಂದ ಸಚಿನ್ ರವಿ ನಿರ್ದೇಶನದ 'ಅವನೇ ಶ್ರೀಮನ್ನಾರಾಯಣ' ಮಾತ್ರ ನಮ್ಮ ಪಾಠಕ್ಕೆ ನೇರ ಉದಾಹರಣೆ. ಅಮರಾವತಿ ಎಂಬ ಕಲ್ಪನೆಯ ಊರು, ಅಭೀರರೆಂಬ ದರೋಡೆಕೋರರು, ನಾಟಕ ಕಂಪನಿಯವರು ಲೂಟಿ ಮಾಡಿ ಬಚ್ಚಿಟ್ಟ ನಿಧಿ. ಸುಳಿವುಗಳನ್ನು ಕೂಡಿಸುವ ಇನ್‌ಸ್ಪೆಕ್ಟರ್ ನಾರಾಯಣ ಲಂಚಕೋರ, ಮಾತುಗಾರ, ಬಂದೂಕಿನ ಮುಂದೆಯೂ ನಾಲಗೆ ನಿಲ್ಲದವನು. ರಕ್ಷಿತ್ ಶೆಟ್ಟಿ ಆ ಪಾತ್ರವನ್ನು ಬಯಲಾಟದ ವೇಷಧಾರಿಯ ಗತ್ತಿನಲ್ಲಿ ಆಡಿದ್ದಾರೆ. ಪಕ್ಕದಲ್ಲಿ ಅಚ್ಯುತ್ ಕುಮಾರ್ ಅವರ ಹೆಡ್ ಕಾನ್‌ಸ್ಟೆಬಲ್ ಅಚ್ಯುತಣ್ಣ, ಸಾಹೇಬನ ಪ್ರತಿ ಕಿತಾಪತಿಗೂ ಬೆವರುತ್ತ, ಆದರೂ ಬಿಟ್ಟುಹೋಗದೆ ನಿಂತವರು. ನರಸಿಂಹರಾಜು ಅವರಿಗೆ ಸಿಕ್ಕಿದ್ದ ಜಾಗ ಇಲ್ಲಿ ಬೆಳೆದು ದೊಡ್ಡದಾಗಿದೆ: ನಗಿಸುವವನು ನಾಯಕ, ನಗದೆ ಚಿಂತೆ ಹೊರುವವನು ಸಹಾಯಕ. ಮೂರು ಗಂಟೆ ಮೀರಿದ ಸಿನಿಮಾ ಉದ್ದವಾಯಿತು ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅಚ್ಯುತಣ್ಣನ ಮುಖದ ಮೇಲೆ ಕಣ್ಣಿಟ್ಟು ನೋಡಿದರೆ ಆ ಉದ್ದ ಅಷ್ಟಾಗಿ ತಟ್ಟದು.

ಇಷ್ಟೆಲ್ಲ ಹೇಳಿ ಈ ಬಗೆಯ ಸಿನಿಮಾದ ಕೆಡುಕನ್ನು ಹೇಳದಿದ್ದರೆ ಮೇಷ್ಟ್ರ ಕೆಲಸ ಅರ್ಧವಾಗುತ್ತದೆ. ನಗು ಬಂದಾಗ ನಾವು ಬೇಗ ಕ್ಷಮಿಸುತ್ತೇವೆ. ಲಾಕಪ್ಪಿನಲ್ಲಿ ಕಟ್ಟಿಹಾಕಿದವನನ್ನು ಹೊಡೆದು ನಾಯಕ ಒಂದು ಚಟಾಕಿ ಹಾರಿಸಿದರೆ ಚಪ್ಪಾಳೆ ಬೀಳುತ್ತದೆ, ಹೊಡೆದದ್ದು ಮರೆತುಹೋಗುತ್ತದೆ. ತಮಾಷೆ ಯಾರ ಮೇಲೆ ಬೀಳುತ್ತಿದೆ ಎಂದು ಪ್ರತಿ ಸಲ ನೋಡಬೇಕು. ಯಕ್ಷಗಾನದ ಹಾಸ್ಯಗಾರ ರಾಜನ ಎದುರೇ ರಾಜನ ಕೊರತೆ ಆಡಿ ದಕ್ಕಿಸಿಕೊಳ್ಳುತ್ತಾನೆ, ಅವನ ನಗು ಮೇಲಕ್ಕೆ ಏರುತ್ತದೆ. ಮೇಲಧಿಕಾರಿಯನ್ನು, ಮಂತ್ರಿಯನ್ನು, ಬಂದೂಕು ಹಿಡಿದವನನ್ನು, ಜೊತೆಗಾರನನ್ನು ಕೆಣಕುವ ಪತ್ತೇದಾರ ನನಗೆ ಇಷ್ಟ. ಕಪ್ಪು ಬಣ್ಣ, ದಪ್ಪ ಮೈ, ತೊದಲು ನಾಲಗೆ, ಹಳ್ಳಿ ಉಚ್ಚಾರಗಳನ್ನು ಕೆಣಕುವವನ ಎದುರು ನಾನು ನಗುವುದಿಲ್ಲ, ನನ್ನ ಮಕ್ಕಳಿಗೂ ನಗಬೇಡಿ ಎನ್ನುತ್ತೇನೆ. '48 ಅವರ್ಸ್' ಚಿತ್ರದ ಪತ್ತೇದಾರ ಜೊತೆಗಾರನ ಬಣ್ಣವನ್ನು ಹೀಗಳೆದು ಆಮೇಲೆ ತಪ್ಪೊಪ್ಪಿಕೊಳ್ಳುತ್ತಾನೆ. ಆ ಒಪ್ಪಿಗೆ ಸಾಕೇ ಎಂದು ತರಗತಿಯಲ್ಲಿ ಜಗಳವಾದರೆ ಒಳ್ಳೆಯದೇ.

ಇನ್ನೊಂದು ಕೊರತೆ, ಹೆಂಗಸರದು. 2013ರ 'ದಿ ಹೀಟ್' ಎಂಬ ಅಮೆರಿಕದ ಸಿನಿಮಾದಲ್ಲಿ ಸಾಂಡ್ರಾ ಬುಲಕ್ ಮತ್ತು ಮೆಲಿಸ್ಸಾ ಮೆಕಾರ್ಥಿ ಇಡೀ ಆಟವನ್ನು ತಾವೇ ಆಡಿ ಗೆದ್ದರು. ಕಾರವಾರದ ಮೀನುಪೇಟೆಯಲ್ಲಿ ಬೆಳಿಗ್ಗೆ ಒಂದು ಸುತ್ತು ಹಾಕಿದವರಿಗೆ ಈ ಊರಿನ ಅತಿ ಚುರುಕು ನಾಲಗೆ ಯಾರದೆಂದು ಗೊತ್ತು. ದರ ಕೇಳಿದವನ ಹುಟ್ಟು ಹಿನ್ನೆಲೆಯನ್ನೇ ಒಂದು ಸಾಲಿನಲ್ಲಿ ಅಳೆದುಬಿಡುವ ಆ ತಾಯಂದಿರಲ್ಲಿ ಒಬ್ಬಳು ಪತ್ತೇದಾರಳ ಜೊತೆಗಾತಿಯಾಗಿ ತೆರೆಗೆ ಬರಬೇಕು. ಬುತ್ತಿಯ ವಾಸನೆಯಿಂದ ಹೆಂಡದ ಗಾಡಿ ಹಿಡಿಯಲು ಅವಳಿಗೆ ನಾಯ್ಕರೂ ಬೇಕಾಗುವುದಿಲ್ಲ.

ಎಲ್ಲಿಂದ ಶುರು ಮಾಡುವುದು ಎಂದು ಕೇಳುವವರಿಗೆ ನನ್ನ ಸಲಹೆ: ಮೊದಲು 'ಮಿಂಚಿನ ಓಟ', ಮಾತಿನ ಲಯಕ್ಕೆ. ಆಮೇಲೆ 'ಜೇಡರ ಬಲೆ', ನಾಯಕ ಒಬ್ಬನೇ ಇದ್ದಾಗ ಪಕ್ಕದವನಿಗೆ ಎಷ್ಟು ಜಾಗ ಸಿಗುತ್ತಿತ್ತು ಎಂದು ತಿಳಿಯಲು. ಮೂರನೆಯದು 'ಲೀಥಲ್ ವೆಪನ್', ಊಟದ ಮೇಜಿಗಾಗಿ. ನಾಲ್ಕನೆಯದಾಗಿ 'ಸ್ಟ್ರೇ ಡಾಗ್' ಮತ್ತು 'ಕವಲುದಾರಿ'ಯನ್ನು ಒಂದೇ ವಾರದಲ್ಲಿ ನೋಡಿ, ಹಿರಿಯ ಕಿರಿಯರ ಜೋಡಿಯನ್ನು ಎರಡು ದೇಶಗಳು ಹೇಗೆ ಕಂಡಿವೆ ಎಂದು ಹೋಲಿಸಿ. 'ಅವನೇ ಶ್ರೀಮನ್ನಾರಾಯಣ' ಕೊನೆಗಿರಲಿ, ಎರಡು ಸಲ ನೋಡಿ. ಮೊದಲ ಸಲ ನಾರಾಯಣನ ಮಾತು ಕೇಳಿ. ಎರಡನೆಯ ಸಲ ಅವನ ಪ್ರತಿ ಮಾತಿಗೂ ಮುಂಚೆ ಅಚ್ಯುತಣ್ಣ ಏನು ಹೇಳಿದ್ದ ಎಂದು ಒಂದು ಹಾಳೆಯ ಮೇಲೆ ಬರೆಯುತ್ತ ಹೋಗಿ.